ಬೀರಲಿಂಗಪ್ಪನ ಜೆಲ್ಲಿಯೂ ಸೊಕ್ಕೆ ಬ್ರಾಂಚೂ

"ನಾನೇ ಮಾಡ್ತೀನಿ ಸಾರ್" ಎಂಬ ಮಾತು ಬೀರಲಿಂಗಪ್ಪನ ಬಾಯಿಂದ ಶುಕ್ರವಾರ ಮಧ್ಯಾಹ್ನ ಹೊರಬಿತ್ತು. ಬೀಳಬಾರದಾಗಿತ್ತು, ಬಿದ್ದುಬಿಟ್ಟಿತು.

ಚನ್ನಗಿರಿಯ ಬ್ಯಾಂಕಿನಲ್ಲಿ ಅವನು ಗುಮಾಸ್ತ. ಮ್ಯಾನೇಜರು ಮರುಳಸಿದ್ದಪ್ಪನವರು. ಅವರ ಮಗಳ ಹುಟ್ಟಿದಹಬ್ಬ ಭಾನುವಾರ ಸಂಜೆ. ಆ ಮಗು ಯಾವುದೋ ವಾರಪತ್ರಿಕೆಯಲ್ಲಿ ಕೆಂಪು, ಹಳದಿ, ಹಸಿರು ಪದರಗಳ ಜೆಲ್ಲಿಯ ಚಿತ್ರ ನೋಡಿ, ಹೋಳಿಗೆ ಬೇಡ, ಲಾಡು ಬೇಡ, ಇದೇ ಬೇಕು ಎಂದು ರಚ್ಚೆ ಹಿಡಿದಿತ್ತು. "ಈ ಊರಾಗೆ ಯಾರಿಗಾದ್ರೂ ಜೆಲ್ಲಿ ಮಾಡಾಕೆ ಬರ್ತೈತೇನ್ರೀ?" ಎಂದು ಮ್ಯಾನೇಜರು ಯಾರ ಮುಖವನ್ನೂ ನೋಡದೆ, ತಿರುಗದೆ ನಿಂತಿದ್ದ ಫ್ಯಾನನ್ನು ನೋಡುತ್ತ ಕೇಳಿದರು. ಬೀರಲಿಂಗಪ್ಪ ಎದ್ದು ನಿಂತೇಬಿಟ್ಟ.

ಜೆಲ್ಲಿಯನ್ನು ಅವನು ಜನ್ಮದಲ್ಲಿ ತಿಂದದ್ದು ಒಂದೇ ಸಲ, ದಾವಣಗೆರೆಯ ಒಂದು ಮದುವೆಯಲ್ಲಿ. ಮಾಡುವ ಮಾತು ಹಾಗಿರಲಿ, ಅನ್ನಕ್ಕೆ ನೀರೆಷ್ಟು ಇಡಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ. ಆದರೆ ಅದೇ ದಿನ ಬೆಳಗ್ಗೆ ಚಾ ಅಂಗಡಿಯಲ್ಲಿ ಜೊತೆಯ ಗುಮಾಸ್ತ ಬೈಲಪ್ಪ ಅವನ ಕಿವಿಯಲ್ಲಿ ಊದಿದ್ದ. "ಜಗಳೂರು ಕಡೆ ಸೊಕ್ಕೆಯಾಗೆ ಹೊಸಾ ಬ್ರಾಂಚ್ ತೆಗೀತಾರಂತೆ. ನಮ್ಮ ಬ್ರಾಂಚಿಂದ ಒಬ್ಬ ಗುಮಾಸ್ತ ಹೋಗ್ಬೇಕು. ಹೆಸರು ಕೊಡೋರು ನಮ್ಮ ಸಾಹೇಬ್ರೇ. ನಿಂದೇ ಅಂತ ಗಾಳಿ ಐತಪ."

ಊಟದ ಹೊತ್ತಿಗೆ ಆ ಗಾಳಿ ಮನೆಗೆ ಹೋಗಿ ಅವನ ಹೆಂಡತಿ ಹನುಮಂತಮ್ಮನಿಗೂ ತಾಗಿತು. ಅವಳು ನಡುಮನೆಯಲ್ಲಿ ಓಣಿಯ ಹುಡುಗಿಯರಿಗೆ ಹೊಲಿಗೆ ಕ್ಲಾಸು ನಡೆಸುವವಳು. ಮಷೀನು ನಿಲ್ಲಿಸದೆಯೇ ಹೇಳಿದಳು: "ಹೋಗೋರು ಹೋಗ್ರಿ. ನಾನು ಬರಲ್ಲ, ನನ್ನ ಮಷೀನೂ ಬರಲ್ಲ. ಹದಿನೈದು ಹುಡುಗ್ಯಾರನ್ನ ಅರ್ಧಕ್ಕೆ ಬಿಟ್ಟು ಎಲ್ಲಿಗೆ ಬರ್ಲಿ?"

ಮದುವೆಗೆ ಮುಂಚೆ ನ್ಯಾಮತಿಯಲ್ಲಿ ಒಂದು ವರ್ಷ ಒಬ್ಬನೇ ರೂಮು ಮಾಡಿಕೊಂಡಿದ್ದಾಗ ಬೀರಲಿಂಗಪ್ಪ ಬೇಯಿಸಿದ್ದನ್ನು ನಾಯಿ ಕೂಡ ಮೂಸಿ ನೋಡಿ ಮುಂದೆ ಹೋಗುತ್ತಿತ್ತು. ಮತ್ತೆ ಆ ಬಾಳು ಅವನಿಗೆ ಬೇಡವಾಗಿತ್ತು. ಹೆಂಡತಿಯ ಕೈರುಚಿ ಬಿಟ್ಟು, ಹೆಂಡತಿಯನ್ನೇ ಬಿಟ್ಟು ಸೊಕ್ಕೆಯಲ್ಲಿ ಒಬ್ಬನೇ ಕೂರುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು. ಜೆಲ್ಲಿ ಮಾಡಿ ಸಾಹೇಬರ ಮನೆಯವರನ್ನು ಖುಷಿಪಡಿಸಿದರೆ ಅವರು ಬೇರೆ ಯಾರದ್ದಾದರೂ ಹೆಸರು ಕೊಟ್ಟಾರು ಎಂಬುದೊಂದೇ ಅವನ ಲೆಕ್ಕಾಚಾರ.

ಮ್ಯಾನೇಜರ ಹೆಂಡತಿ ಸಾವಂತ್ರಮ್ಮನವರದು ಒಂದೇ ಕರಾರು. "ಪ್ಯಾಕೆಟ್ಟಿನ ಪುಡಿ ತರಬ್ಯಾಡ್ರಿ. ಅದ್ರಾಗೆ ಮೂಳೆ ಅರೆದು ಹಾಕಿರ್ತಾರಂತೆ. ನಮ್ಮತ್ತೆ ಲಿಂಗಪೂಜೆ ಮಾಡೋರು, ಗೊತ್ತಾದ್ರೆ ಮನೆಗೆ ನೀರು ಹೊಯ್ದು ತೊಳೆಸ್ತಾರೆ."

ಶನಿವಾರ ಬೀರಲಿಂಗಪ್ಪ ದಾವಣಗೆರೆಗೆ ಹೋಗಿ ಅಂಗಡಿ ಅಂಗಡಿ ತಿರುಗಿ ಚೈನಾ ಗ್ರಾಸ್ ತಂದ. ಒಣಗಿದ ಬಿಳಿ ನಾರಿನ ಕಟ್ಟು. ಸಮುದ್ರದ ಪಾಚಿಯಿಂದ ಮಾಡಿದ್ದು, ಮೂಳೆಯ ಸೋಂಕಿಲ್ಲ ಎಂದು ಅಂಗಡಿಯವನು ಆಣೆ ಮಾಡಿ ಹೇಳಿದ. ನೆನೆಹಾಕು, ಕುದಿಸು, ಕರಗಿದ ಮೇಲೆ ಸಕ್ಕರೆ ಬಣ್ಣ ಹಾಕಿ ತಟ್ಟೆಗೆ ಸುರಿ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು. ಇಷ್ಟನ್ನು ಬೀರಲಿಂಗಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಂತ್ರದ ಹಾಗೆ ಹೇಳಿಕೊಂಡು ಬಂದ.

ಭಾನುವಾರ ಬೆಳಗ್ಗೆ ಪಂಚೆ ಎತ್ತಿ ಕಟ್ಟಿ ಒಲೆ ಮುಂದೆ ಕೂತ. ಹನುಮಂತಮ್ಮ ಬಾಗಿಲಿಗೆ ಒರಗಿ ನೋಡಿದಳು.

"ನಾನಾದ್ರೂ ಕೈ ಹಾಕ್ಲಾ?"

"ಬ್ಯಾಡ. ಯಾರೂ ಕೈ ಹಾಕಬ್ಯಾಡ್ರಿ. ಇದು ನನ್ನ ಟ್ರಾನ್ಸ್‌ಫರ್ ವಿಷ್ಯ, ನಾನೇ ಮಾಡ್ತೀನಿ."

"ಮಾಡ್ರಿ ಮಾಡ್ರಿ. ಪಾತ್ರೆ ತಳ ಹಿಡಿಸಿದ್ರೆ ಉಜ್ಜೋರೂ ನೀವೇ" ಎಂದು ಅವಳು ಹೊಲಿಗೆಗೆ ಹೋದಳು.

ಹೊಗೆ ಕುಡಿದು, ಕಣ್ಣೊರೆಸಿಕೊಂಡು, ಎರಡು ಸಲ ಬೆರಳು ಸುಟ್ಟುಕೊಂಡು, ಅಂತೂ ಕೆಂಪು ಪದರ ತಟ್ಟೆಗೆ ಬಿತ್ತು. ನೀರಿನ ಗಡಿಗೆಯ ಕೆಳಗಿನ ಒದ್ದೆ ಮರಳಿನ ಮೇಲೆ ತಟ್ಟೆಯಿಟ್ಟು ಬೀಡಿ ಸೇದಲು ಹೊರಗೆ ಬಂದ. ಅಷ್ಟರಲ್ಲಿ ಪಕ್ಕದ ಮನೆಯ ಗಾದ್ರಮ್ಮ ಬೆಂಕಿ ಕೇಳಿಕೊಂಡು ಹಿತ್ತಲಿನಿಂದ ಒಳಗೆ ಬಂದಳು. ಓಣಿಯ ಎಲ್ಲರ ಅಡಿಗೆಮನೆಯನ್ನೂ ತನ್ನದೇ ಎಂದುಕೊಂಡಿದ್ದ ಮುದುಕಿ ಅವಳು.

"ಏನೋ ಬೀರಪ್ಪ ಇದು, ಮರಳ ಮ್ಯಾಲೆ?"

"ಗಟ್ಟಿ ಆಗಾಕೆ ಇಟ್ಟೀನಜ್ಜಿ. ಮುಟ್ಟಬ್ಯಾಡ" ಎಂದು ಬೀರಲಿಂಗಪ್ಪ ಹೊರಗಿನಿಂದಲೇ ಕೂಗಿದ.

ಅವನು ಬೀಡಿ ಮುಗಿಸಿ ಬಂದು ನೋಡಿದಾಗ ಕೆಂಪಿನ ನಡುವೆ ಬಿಳಿ ಬಿಳಿ ದ್ವೀಪಗಳು ತೇಲುತ್ತಿದ್ದವು. ಗಾದ್ರಮ್ಮ ಚಮಚ ತೊಳೆಯುತ್ತಿದ್ದಳು.

"ನಾನು ಮುಟ್ಟಿಲ್ಲಪ್ಪ. ಹೆಪ್ಪು ಹಾಕೋದೇ ಮರ್ತಿದ್ದಿ, ಒಂಚೂರು ಮಜ್ಜಿಗಿ ಬಿಟ್ಟೆ. ಹೆಪ್ಪಿಲ್ದೆ ಯಾವುದು ಗಟ್ಟಿ ಆಗ್ತೈತೋ? ಗಂಡಸ್ರು ಒಲೆ ಮುಂದೆ ಕುಂತ್ರೆ ಹಿಂಗೇ."

ಬೀರಲಿಂಗಪ್ಪನಿಗೆ ಕೋಪ ಮೂಗಿನ ತುದಿಗೆ ಬಂದಿತ್ತು. ಆದರೆ ಮುದುಕಿಯ ಮುಖದಲ್ಲಿ ಉಪಕಾರ ಮಾಡಿದ ಸಂತೋಷ ಅಷ್ಟು ಎದ್ದು ಕಾಣುತ್ತಿತ್ತು. "ಒಳ್ಳೇದಾತು ಅಜ್ಜಿ" ಎಂದು ಕೈಗೆ ಕೆಂಡ ಕೊಟ್ಟು ಕಳಿಸಿ, ತಟ್ಟೆಯದನ್ನು ಹಿತ್ತಲಿಗೆ ಚೆಲ್ಲಿ, ಮತ್ತೆ ನೆನೆಹಾಕಲು ಕೂತ. ಸೋಲುವ ಮಾತೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಬೋಗುಣಿಯಲ್ಲಿ ಮೂರೂ ಬಣ್ಣ ಒಂದರ ಮೇಲೊಂದು ಕೂತಿದ್ದವು. ಪಾತ್ರೆಯಲ್ಲಿ ಉಳಿದದ್ದನ್ನು ಹನುಮಂತಮ್ಮ ತನ್ನ ಹುಡುಗಿಯರಿಗೆಂದು ಕೇಳಿದಳು. ಅವನು ಬಣ್ಣಕ್ಕೊಂದರಂತೆ ಮೂರು ಲೋಟಕ್ಕೆ ಸುರಿದುಕೊಟ್ಟ. ಅಷ್ಟರಲ್ಲಿ ಸುದ್ದಿ ಓಣಿಗೆಲ್ಲ ಹಬ್ಬಿತ್ತು. ಕ್ಲಾಸಿಗೆ ಬಂದ ಹುಡುಗಿಯರು, ಹುಡುಗಿಯರ ತಾಯಂದಿರು, ಎಲ್ಲರೂ ಬಾಗಿಲಲ್ಲಿ ಸಾಲು ನಿಂತರು. ಬೈಲಪ್ಪನೂ ಸೈಕಲ್ಲಿನಲ್ಲಿ ಬಂದಿಳಿದ.

"ಏನಪ, ಅಲ್ಲಾಡ್ತೈತಂತೆ?" ಎನ್ನುತ್ತ ಅವನು ಬೆರಳಿನಿಂದ ತಿವಿದ. ಜೆಲ್ಲಿ ನಡುಗಿತು. ಸಾಲಿನಲ್ಲಿದ್ದವರೆಲ್ಲ ಆನಂದದಿಂದ ನಕ್ಕರು. ಒಬ್ಬರಾದ ಮೇಲೆ ಒಬ್ಬರು ತಿವಿಯಲು ಮುಂದೆ ಬಂದರು.

"ದೂರ ನಿಂದರ್ರಿ" ಎಂದು ಬೀರಲಿಂಗಪ್ಪ ಬೋಗುಣಿಯನ್ನು ಕೂಸಿನ ಹಾಗೆ ಎದೆಗವಚಿಕೊಂಡ. "ಬೆಳಗ್ಗೆಯಿಂದ ಹೆಂಡ್ತಿ ಕೈಯನ್ನೂ ತಾಗಿಸಿಲ್ಲ ನಾನು. ಇದು ಹೆಂಗೈತೋ ಹಂಗೇ ಸಾಹೇಬ್ರ ಮನೆಗೆ ಹೋಗ್ಬೇಕು."

"ಒಬ್ಬನೇ ಮಾಡಿದ್ಯಾ? ನಿಜ?" ಎಂದು ಬೈಲಪ್ಪ ಕಣ್ಣರಳಿಸಿದ. "ಭಲೇ, ಇಂಥಾ ಕೈ ಐತಂತ ಗೊತ್ತೇ ಇರ್ಲಿಲ್ಲ." ಮೇಲಿನ ಬೆರಳ ಗುಳಿಯನ್ನು ಬೀರಲಿಂಗಪ್ಪ ಚಮಚದ ಬೆನ್ನಿನಿಂದ ಸವರಿ ಮುಚ್ಚಿದ. ಇಬ್ಬರೂ ಸೇರಿ ಬೋಗುಣಿಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿ, ತಳ್ಳಿಕೊಂಡೇ ಮ್ಯಾನೇಜರ ಮನೆ ಮುಟ್ಟಿಸಿದರು. ಸಾವಂತ್ರಮ್ಮ ಮುಚ್ಚಳ ತೆಗೆದು ನೋಡಿದವರೇ ಮಗಳನ್ನು ಕೂಗಿದರು. ಮಗು ಚಪ್ಪಾಳೆ ಹೊಡೆಯಿತು. ಬೀರಲಿಂಗಪ್ಪನಿಗೆ ಸೊಕ್ಕೆ ಸುಮಾರು ಹತ್ತು ಮೈಲಿ ಹಿಂದಕ್ಕೆ ಸರಿದಂತಾಯಿತು.

ಬೋಗುಣಿಯನ್ನು ಅಡಿಗೆಮನೆಯಲ್ಲಿಟ್ಟು ಅವರಿಬ್ಬರೂ ಅಂಗಳದಲ್ಲಿ ಬಣ್ಣದ ಕಾಗದ ಕಟ್ಟತೊಡಗಿದರು. ಸಾವಂತ್ರಮ್ಮ ಮಗಳಿಗೆ ಜಡೆ ಹಾಕಲು ಒಳಕೋಣೆಗೆ ಹೋದರು. ಆಗ ಹಿತ್ತಲಲ್ಲಿ ಕಾಳು ಹಸನು ಮಾಡುತ್ತಿದ್ದ ಮ್ಯಾನೇಜರ ತಾಯಿ ಅಜ್ಜಮ್ಮ ಅಡಿಗೆಮನೆಗೆ ಬಂದು ಮುಚ್ಚಳ ಎತ್ತಿ ನೋಡಿದರು. ಜೆಲ್ಲಿಯ ಹೆಸರನ್ನು ಅವರು ಕೇಳಿದವರಲ್ಲ. ಬಂದವರಿಗೆ ಕೊಡಲು ಬಣ್ಣದ ಶರಬತ್ತು ಬರುತ್ತದೆಂದು ಮಾತ್ರ ತಿಳಿದಿದ್ದರು.

ಸ್ವಲ್ಪ ಹೊತ್ತಿಗೆ ಅವರೇ ಸೆರಗಿಗೆ ಕೈ ಒರೆಸುತ್ತ ಅಂಗಳಕ್ಕೆ ಬಂದರು. "ತಮ್ಮಾ, ನೀ ತಂದ ಶರಬತ್ತು ಹೆಪ್ಪುಗಟ್ಟಿ ಹೋಗಿತ್ತು ನೋಡು, ಚಳಿಗಾಲದಾಗೆ ಕೊಬ್ರಿ ಎಣ್ಣೆ ಆದಂಗೆ. ಜನ ಬಂದು ನಕ್ಕಾರು ಅಂತ ಒಲೆ ಮ್ಯಾಲಿಟ್ಟು ಕರಗ್ಸಿದೀನಿ. ಚಲೋ ತಿರುವೀನಿ ಕೂಡ, ಒಂದು ಗಂಟಿಲ್ಲ."

ಬೀರಲಿಂಗಪ್ಪ ಒಳಗೆ ಓಡಿದ. ಕೆಂಪು, ಹಳದಿ, ಹಸಿರು ಮೂರೂ ಒಂದಾಗಿ ಸೂಳೆಕೆರೆ ಕೋಡಿ ಬಿದ್ದಾಗಿನ ರಾಡಿ ನೀರಿನ ಬಣ್ಣಕ್ಕೆ ಬಂದಿದ್ದವು. ಅವನು ಅಡಿಗೆಮನೆಯ ನೆಲದ ಮೇಲೆ ಕೂತು ಒಂದು ಗಳಿಗೆ ತಲೆ ಹಿಡಿದುಕೊಂಡ. ಸೊಕ್ಕೆಯ ರೂಮು, ಸೀದ ಅನ್ನ, ಚನ್ನಗಿರಿಯಲ್ಲಿ ನಿಲ್ಲದೆ ಓಡುವ ಹೊಲಿಗೆ ಮಷೀನು, ಎಲ್ಲ ಕಣ್ಣ ಮುಂದೆ ಬಂದವು. ನಿಜವಾಗಿ ದುಃಖವಾಯಿತು.

ಆಮೇಲೆ ಪಂಚೆ ಎತ್ತಿ ಕಟ್ಟಿದ.

"ಬೈಲಪ್ಪ, ಸೈಕಲ್ ತಗಂಡು ಓಡು. ನಮ್ಮನೆಯಾಗೆ ಮೂರು ಲೋಟ ಅದಾವೆ, ಉಳಿದ ಚೈನಾ ಗ್ರಾಸ್ ಕಟ್ಟು ಐತೆ. ತಗಂಬಾ. ಲೋಟ ಯಾರಾದ್ರೂ ತಿಂತಿದ್ರೆ ಬಾಯಿಂದ ಕಿತ್ಕಂಬಾ."

"ಮೂರು ಲೋಟ ಊರಿಗೆಲ್ಲ ಎಲ್ಲಿ ಸಾಕಾಗ್ತೈತೆ?"

"ಹೋಗು ಅಂದೆ."

ಬೈಲಪ್ಪ ಹೋದ, ತಂದ. ಹನುಮಂತಮ್ಮನ ಹುಡುಗಿಯರು ಆಗಷ್ಟೇ ಚಮಚ ಹುಡುಕುತ್ತಿದ್ದರಂತೆ. ಬೀರಲಿಂಗಪ್ಪ ಸಾವಂತ್ರಮ್ಮನ ಕಾಫಿಯ ಹಾಲನ್ನೆಲ್ಲ ಕೇಳಿ ಇಸಿದುಕೊಂಡ. ಉಳಿದ ಕಟ್ಟನ್ನು ನೀರಲ್ಲಿ ಕುದಿಸಿ ಕರಗಿಸಿ, ಸಕ್ಕರೆ ಸುರಿದು, ಬಿಸಿ ಹಾಲಿಗೆ ಬೆರೆಸಿದ. ಲೋಟದ ಜೆಲ್ಲಿಯನ್ನು ಬೋರಲು ಹಾಕಿ ಚಾಕುವಿನಿಂದ ಸಣ್ಣ ಸಣ್ಣ ತುಂಡು ಮಾಡಿದ. ಅಜ್ಜಮ್ಮ "ನಾ ತಿರುವ್ಲೇನಪ್ಪ?" ಎಂದು ಕೇಳಿದಾಗ ಕೈ ಮುಗಿದ. ಹಾಲು ಆರಿ ಇನ್ನೇನು ಬಿಗಿಯಬೇಕು ಎನ್ನುವಾಗ ಬಣ್ಣದ ತುಂಡುಗಳನ್ನು ಅದರೊಳಗೆ ಉದುರಿಸಿ, ಅಗಲ ತಟ್ಟೆಗಳಿಗೆ ಸುರಿದು, ತಟ್ಟೆಗಳನ್ನು ಬಾವಿ ನೀರಿನ ಪರಾತದಲ್ಲಿಟ್ಟು, ಮುಂದೆ ಕಾವಲುಗಾರನಾಗಿ ಕೂತ. ಬಂದವರಿಗೆಲ್ಲ "ಮುಟ್ಟಬ್ಯಾಡ್ರಿ" ಎಂದ. ಮ್ಯಾನೇಜರೇ ಇಣುಕಿದಾಗಲೂ ಅದನ್ನೇ ಹೇಳಿದ.

ದೀಪ ಹಚ್ಚುವ ಹೊತ್ತಿಗೆ ಜನ ಸೇರಿದರು. ಹನುಮಂತಮ್ಮನೂ ಹೊಸ ಸೀರೆಯುಟ್ಟು ಬಂದಳು. ಬೀರಲಿಂಗಪ್ಪ ಉಸಿರು ಹಿಡಿದು ತಟ್ಟೆಯನ್ನು ಬೋರಲು ಹಾಕಿ ಮೆಲ್ಲಗೆ ಎತ್ತಿದ. ಹಾಲಿನಂಥ ಬಿಳಿಯ ಗಟ್ಟಿಯಲ್ಲಿ ಕೆಂಪು, ಹಳದಿ, ಹಸಿರು ಹರಳುಗಳು ಬಳೆ ಚೂರುಗಳಂತೆ ಹೊಳೆದವು. ಪತ್ರಿಕೆಯ ಚಿತ್ರ ಇದರ ಮುಂದೆ ಏನೂ ಅಲ್ಲ. ಮಗು ತಿಂದು ಇನ್ನೊಂದಕ್ಕೆ ಕೈ ನೀಡಿತು. ಅಜ್ಜಮ್ಮ ಮೊದಲು ಮೂಸಿದರು, ಆಮೇಲೆ ನೆಕ್ಕಿದರು, ಆಮೇಲೆ ಅವರೂ ಕೈ ನೀಡಿದರು. "ಇಂಥಾದ್ದು ದಾವಣಗೆರೆಯಾಗೂ ಇಲ್ಲ ಬಿಡ್ರಿ" ಎಂದು ಬಂದವರೆಲ್ಲ ಒಪ್ಪಿದರು. ಹನುಮಂತಮ್ಮ ಗಂಡನ ಕಡೆ ನೋಡಿದ ನೋಟದಲ್ಲಿ ಮದುವೆಯಾದ ಹೊಸದರ ಹೊಳಪಿತ್ತು.

ಮ್ಯಾನೇಜರು ಬೀರಲಿಂಗಪ್ಪನ ಹೆಗಲ ಮೇಲೆ ಕೈ ಹಾಕಿ ಜಗಲಿಗೆ ಕರೆದುಕೊಂಡು ಬಂದರು. ಬೈಲಪ್ಪ ತಟ್ಟೆ ಹಿಡಿದು ಹಿಂದೆಯೇ ಬಂದ.

"ಬೀರಲಿಂಗಪ್ಪ, ಸೊಕ್ಕೆ ಬ್ರಾಂಚಿನ ಸುದ್ದಿ ಕೇಳಿರ್ಬೇಕು ನೀವು."

"ಕೇಳೀನಿ ಸಾರ್" ಎಂದ ಬೀರಲಿಂಗಪ್ಪ.

"ಒಬ್ಬ ಗುಮಾಸ್ತನ ಹೆಸ್ರು ಕೊಡ್ಬೇಕಿತ್ತು. ಬೈಲಪ್ಪಂದು ಅಂತ ಮನಸ್ಸಿನಾಗೆ ಇಟ್ಕಂಡಿದ್ದೆ."

ಬೈಲಪ್ಪನ ಬಾಯಲ್ಲಿದ್ದ ಜೆಲ್ಲಿ ಅಲ್ಲೇ ನಿಂತಿತು. ಬೀರಲಿಂಗಪ್ಪನಿಗೆ ಅಯ್ಯೋ ಪಾಪ ಎನ್ನಿಸಿದರೂ ತುಟಿಯ ತುದಿಯಲ್ಲಿ ನಗು ತಡೆಯಲಾಗಲಿಲ್ಲ.

"ಆದ್ರೆ ಒಂದು ಕಷ್ಟ ಐತೆ" ಎಂದು ಮ್ಯಾನೇಜರು ದನಿ ಇಳಿಸಿದರು. "ಮ್ಯಾನೇಜರಾಗಿ ನನ್ನನ್ನೇ ಹಾಕ್ಯಾರೆ ಅಲ್ಲಿಗೆ. ಮಗಳ ಶಾಲೆ ಬಿಡಿಸಿ ಬರಲ್ಲ ಅಂತಾಳೆ ನಮ್ಮಾಕೆ. ಅಲ್ಲಿ ಹೇಳಿಕೊಳ್ಳೋ ಹೋಟ್ಲಿಲ್ಲ. ಬೈಲಪ್ಪಗೆ ಚಾ ಕಾಸಾಕೂ ಬರಲ್ಲ, ಕಟ್ಕಂಡು ನಾನೇನು ಮಾಡ್ಲಿ? ಇವತ್ತು ನಿಮ್ಮನ್ನ ನೋಡಿದ ಮ್ಯಾಲೆ ನನ್ನ ಚಿಂತೆ ಹರೀತು. ನಾವಿಬ್ರೂ ಒಂದೇ ಮನೆ ಮಾಡಾಣ. ಬಾಡಿಗೆ ನಂದು, ಅಡಿಗೆ ನಿಮ್ದು. ನಾಳೇನೇ ನಿಮ್ಮ ಹೆಸ್ರು ಕಳಿಸ್ತೀನಿ."

ಬೀರಲಿಂಗಪ್ಪನಿಗೆ ಜಗಲಿಯ ಕಂಬ ಕೈಗೆ ಸಿಕ್ಕಿದ್ದು ಪುಣ್ಯ. "ಸಾರ್, ದೇವ್ರಾಣೆ ಹೇಳ್ತೀನಿ, ನನಗೆ ಅನ್ನ ಮಾಡಾಕೂ ಬರಲ್ಲ. ಇದು ಹೆಂಗೋ ಆಗ್ಬಿಡ್ತು. ಇದ್ರಾಗೆ ಮನೆಯಾಕೆ ಕೈನೂ ಐತೆ, ಗಾದ್ರಮ್ಮನ ಕೈನೂ ಐತೆ..."

"ಇಷ್ಟು ಮಾಡಿದೋರು ಅನ್ನ ಮಾಡಾಕೆ ಬರಲ್ಲ ಅಂದ್ರೆ ಯಾರು ನಂಬ್ತಾರ್ರೀ" ಎಂದು ಮ್ಯಾನೇಜರು ನಕ್ಕರು.

ಬೈಲಪ್ಪ ಬಾಯಲ್ಲಿದ್ದದ್ದನ್ನು ಗುಳಕ್ಕನೆ ನುಂಗಿದ. "ಸುಳ್ಳು ಸಾರ್. ನಾ ಕಣ್ಣಾರೆ ನೋಡೀನಿ, ಓಣಿ ಜನ ಎಲ್ಲಾ ಸಾಕ್ಷಿ ಅದಾರೆ. ಹೆಂಡ್ತಿ ಕೈಯನ್ನೂ ತಾಗಿಸಿಲ್ಲ, ಎಲ್ಲಾ ತಾನೊಬ್ಬನೇ ಮಾಡ್ಯಾನೆ. ದೊಡ್ಡಸ್ತಿಕೆ ಇಲ್ದ ಮನುಷ್ಯ, ಅದ್ಕೇ ಹಂಗಂತಾನೆ."

ಬೀರಲಿಂಗಪ್ಪ ದಿಕ್ಕುಗಾಣದೆ ಬಾಗಿಲ ಕಡೆ ತಿರುಗಿದ. ಅಲ್ಲಿ ಸಾವಂತ್ರಮ್ಮನವರು ಅವನಿಗೆಂದೇ ಎರಡು ತುಂಡು ಜೆಲ್ಲಿ ಹಾಕಿಕೊಂಡು ನಿಂತಿದ್ದರು. ಅವರ ಕಣ್ಣಲ್ಲಿ ನೀರಾಡಿತ್ತು.

"ನೀವು ಜೊತಿಗಿರ್ತೀರಿ ಅಂದ್ರೆ ನನಗೆ ಧೈರ್ಯ ಬಂತು ನೋಡ್ರಿ" ಎಂದರು. "ಒಂದು ನೆನಪಿಟ್ಕಳ್ರಿ. ನಮ್ಮನೆಯವ್ರಿಗೆ ಖಾರ ಆಗಲ್ಲ. ಮುದ್ದಿ ಮೆತ್ತಗಿರ್ಬೇಕು, ಸಾರು ದಿನಾ ಬ್ಯಾರೆ ಬ್ಯಾರೆ ಇರ್ಬೇಕು."