ಹದಿನಾಲ್ಕನೇ ನಂಬರ್ ಬಾಗಿಲ ಕಮಲ

ಹರಿಪ್ರಿಯಾ ಮೆಟ್ಟಿಲ ಮೇಲೆ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದದ್ದರಿಂದ, ಆ ಶುಕ್ರವಾರ ಬಾಗಿಲಿಗೆ ರಂಗೋಲಿ ಹಾಕುವ ಕೆಲಸ ಗಂಡ ಗುರುಚರಣರ ಪಾಲಿಗೆ ಬಂತು. ವಿಮಾ ಕಂಪನಿಯಲ್ಲಿ ಮೂವತ್ತಾರು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಬೆರಳಿಗೆ ಪೆನ್ನು ಗೊತ್ತು, ರಂಗೋಲಿ ಪುಡಿ ಗೊತ್ತಿಲ್ಲ. ಪುಡಿ ಅವರ ಕೈಯಿಂದ ಗೆರೆಯಾಗಿ ಇಳಿಯದೆ, ಹೋಟೆಲಿನ ಚಟ್ನಿಯ ಹಾಗೆ ತೊಟ್ಟುತೊಟ್ಟಾಗಿ ಬೀಳುತ್ತಿತ್ತು.

ಜಗಲಿಯ ಮೇಲೆ ಕೂತಿದ್ದ ತಾಯಿ ಅಂಬುಜಮ್ಮನವರಿಗೆ ಎಂಬತ್ತಾರು. ಕಣ್ಣು ಮಂಜು, ಬಾಯಿ ಚೊಕ್ಕ.

"ಶುಕ್ರವಾರ ಕಣೋ ಗುರು, ಲಕ್ಷ್ಮಿಗೆ ಕಮಲ ಹಾಕು. ಎಂಟು ದಳ. ಇದೇನೋ ಇದು, ಕಮಲವೋ ಕೋಸುಗಡ್ಡೆಯೋ?"

"ಕಮಲಾನೇ ಅಮ್ಮ. ಸ್ವಲ್ಪ ಬಾಡಿದೆ ಅಷ್ಟೆ."

ನಿಜಕ್ಕೆ ಗುರುಚರಣರ ಮನಸ್ಸು ಕಮಲದ ಮೇಲೆ ಇರಲೇ ಇಲ್ಲ. ತಮಿಳು ಸೀಮೆಯ ತ್ರಿಪ್ಲಿಕೇನಿನ ಆ ಇಕ್ಕಟ್ಟು ಬೀದಿಯಲ್ಲಿ ಆರು ತಿಂಗಳಿಂದ ನಲ್ಲಿಯಲ್ಲಿ ಕುಡಿಯುವ ನೀರಿನ ಜೊತೆ ಚರಂಡಿ ನೀರೂ ಬರುತ್ತಿತ್ತು. ಬಣ್ಣ ಮೂರನೇ ಸಲ ಇಳಿಸಿದ ಡಿಕಾಕ್ಷನ್ನಿನದು, ವಾಸನೆ ಹೇಳಬಾರದ್ದು. ಹೊಸ ಪೈಪು ಹಾಕಲು ರಸ್ತೆ ಅಗೆಯಬೇಕು. ಇಪ್ಪತ್ತೆರಡು ಮನೆಯವರೂ ಒಪ್ಪಿ ಒಂದೇ ಅರ್ಜಿಗೆ ಸಹಿ ಹಾಕಿದರೆ ಅಗೆಯುತ್ತೇವೆ, ಒಂದು ಸಹಿ ಕಡಿಮೆಯಾದರೂ ಪೈಪು ಪಕ್ಕದ ಬೀದಿಗೆ ಹೋಗುತ್ತದೆ ಎಂದು ನೀರಿನ ಆಫೀಸಿನ ಎಂಜಿನಿಯರ್ ಖಡಾಖಂಡಿತ ಹೇಳಿದ್ದರು. ಗುರುಚರಣರು ನಾಲ್ಕು ತಿಂಗಳು ಮನೆಮನೆಯ ಮೆಟ್ಟಿಲು ಸವೆಸಿ, ಹಿಂದಿನ ರಾತ್ರಿ ಇಪ್ಪತ್ತೆರಡನೇ ಸಹಿ ಮಾಡಿಸಿದ್ದರು. ಇವತ್ತು ಸಂಜೆ ನಾಲ್ಕಕ್ಕೆ ಎಂಜಿನಿಯರ್ ಬಂದು ಅರ್ಜಿ ತೆಗೆದುಕೊಂಡು ಹೋಗುವುದೊಂದೇ ಬಾಕಿ.

ಕಮಲದ ಏಳನೇ ದಳ ಎಳೆಯುತ್ತಿರುವಾಗ ಬೀದಿಗೆ ಕ್ಯಾಮೆರಾ ಬಂತು. ಚುನಾವಣೆಗೆ ಇನ್ನು ಎರಡೇ ವಾರ. ಯಾವುದೋ ಪರದೇಶದ ಟೀವಿಯಿಂದ ಬಂದ ಇಂಗ್ರಿಡ್ ಎಂಬ ಹೆಂಗಸು, ಜೊತೆಯಲ್ಲಿ ಆಕೆಗೆ ಮಾತು ತರ್ಜುಮೆ ಮಾಡಲು ಪೋರೂರಿನ ಸಮೀರ್ ಎಂಬ ಯುವಕ. ಆತನ ಅಜ್ಜಿ ಬಳ್ಳಾರಿಯ ಕಡೆಯವರಾದ್ದರಿಂದ ಕನ್ನಡವೂ ಬರುತ್ತಿತ್ತು.

"ಸಾರ್, ಮೇಡಂ ಕೇಳ್ತಾರೆ, ಈ ಬೀದಿ ಯಾವ ಪಕ್ಷದ ಕಡೆ?"

ಗುರುಚರಣರು ಪುಡಿಯ ಡಬ್ಬಿ ಕೆಳಗಿಟ್ಟರು. ಇಂಥ ಪ್ರಶ್ನೆಯನ್ನು ಅವರ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಒಳಗೆ ತುಂಬಿಕೊಂಡಿದ್ದ ಉತ್ತರ ಕಟ್ಟೆ ಒಡೆಯಿತು.

"ಹಾಗೆಲ್ಲ ಒಂದು ಮಾತಲ್ಲಿ ಹೇಳೋಕಾಗಲ್ಲಪ್ಪ. ಎದುರುಗಡೆ ಲಾಡ್ಜ್ ಸುರೇಶ ಇದಾನೆ ನೋಡು, ಸೂರ್ಯನ ಗುರುತಿನ ಪಕ್ಷ. ಅವನ ಹೆಂಡತಿ ಎರಡೆಲೆ ಗುರುತು. ಮಗ ಎರಡೂ ಬೇಡ ಅಂತ ಸಿನಿಮಾ ನಟರ ಹಿಂದೆ ಹೋಗಿದಾನೆ. ಊಟಕ್ಕೆ ಮಾತ್ರ ಮೂವರೂ ಒಂದೇ ಪಂಕ್ತಿ. ಇಡ್ಲಿ ಮೆಸ್ಸಿನ ಪ್ರೇಮಮ್ಮ ಎಲೆ. ಆದ್ರೆ ಡೆಲ್ಲಿ ಚುನಾವಣೆ ಅಂದ್ರೆ ಬೇರೆ, ವಾರ್ಡ್ ಚುನಾವಣೆ ಅಂದ್ರೆ ಚರಂಡಿ ತೆಗೆಸಿದೋರಿಗೆ. ಟೈಲರ್ ಪಂಢರಿನಾಥ ಕಮಲ, ಆದ್ರೆ ಮೂರು ಪಕ್ಷದ ಬಾವುಟಾನೂ ಹೊಲೀತಾನೆ. ಒಂಬತ್ತನೇ ನಂಬರಿನೋರು ಕಪ್ಪು ಷರ್ಟು, ದೇವರಿಲ್ಲ ಅಂತಾರೆ. ಪ್ರತಿ ಶನಿವಾರ ನಮ್ಮಮ್ಮನ್ನ ಪಾರ್ಥಸಾರಥಿ ದೇವಸ್ಥಾನಕ್ಕೆ ಕೈ ಹಿಡಿದು ಕರಕೊಂಡು ಹೋಗೋರೂ ಅವರೇ..."

ನಲವತ್ತು ನಿಮಿಷ ಹೇಳಿದರು. ಇಪ್ಪತ್ತೆರಡು ಮನೆಯ ಪೈಕಿ ಹದಿನೇಳು ಮನೆ ಮುಗಿದಿತ್ತು. ಇಂಗ್ರಿಡ್ ಬೆವರು ಒರೆಸಿಕೊಂಡು ನೆಲದ ಕಡೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದಳು, "ಇದು ಕಮಲವಾ?"

"ಎಸ್, ಎಸ್!" ಎಂದರು ಗುರುಚರಣರು. ತಾಯಿಯೇ ಗುರುತಿಸದ ಕಮಲವನ್ನು ಪರದೇಶದವಳು ಗುರುತಿಸಿದ್ದಕ್ಕೆ ಅವರಿಗೆ ಬಹಳ ಸಂತೋಷವಾಗಿತ್ತು.

ಹತ್ತು ಗಂಟೆಗೆ ಬೀದಿಯ ಎಲ್ಲ ಫೋನುಗಳಲ್ಲೂ ಒಂದೂವರೆ ನಿಮಿಷದ ವಿಡಿಯೋ ಓಡಾಡುತ್ತಿತ್ತು. "ಇಲ್ಲಿಯ ಮತದಾರರು ತಮ್ಮ ಪಕ್ಷವನ್ನು ಹೊಸ್ತಿಲಲ್ಲೇ ಬರೆದು ಸಾರುತ್ತಾರೆ. ಒಡೆದುಹೋದ ಈ ಬೀದಿಯಲ್ಲಿ ಕಮಲದ ಮುಖಂಡ ಇವರು" ಎನ್ನುತ್ತಾಳೆ ಇಂಗ್ರಿಡ್. ಆಮೇಲೆ ಗುರುಚರಣರ ಮುಖ ಬರುತ್ತದೆ. ಬಾಯಿ ಕಿವಿಯವರೆಗೆ ಹಿಗ್ಗಿಸಿ, "ಎಸ್, ಎಸ್!"

ನಲವತ್ತು ನಿಮಿಷದಲ್ಲಿ ಉಳಿದದ್ದು ಅದೊಂದೇ.

ಮೊದಲು ಬಂದವನು ಪಂಢರಿನಾಥ, ಕತ್ತಿನಲ್ಲಿ ಅಳತೆ ಟೇಪು. "ಗುರು ಸಾರ್, ಇಷ್ಟು ವರ್ಷ ಒಂದು ಮಾತೂ ಆಡದೆ ಒಳಗೊಳಗೇ ನಮ್ಮ ಕಡೆ ಇದ್ರಲ್ಲ!" ಎಂದು ಕೈ ಕುಲುಕಿದ. ಅವನ ಬೆನ್ನ ಹಿಂದೆಯೇ ಲಾಡ್ಜ್ ಸುರೇಶ ನಿಂತಿದ್ದ.

"ಎನ್ನ ಸಾರ್ ಇದು? ಪೈಪು ಪೈಪು ಅಂತ ನನ್ನ ಹತ್ರ ಸಹಿ ಮಾಡಿಸ್ಕೊಂಡಿರಿ. ಇದು ಪೈಪಿನ ಅರ್ಜೀನಾ, ಪಕ್ಷದ ಮೆಂಬರ್ ಲಿಸ್ಟಾ?"

"ಅಯ್ಯೋ ಸುರೇಶ, ಅದು ಶುಕ್ರವಾರದ ರಂಗೋಲಿ ಕಣಯ್ಯ! ನಿಮ್ಮನೆ ಮುಂದೇನೂ ಎಷ್ಟೋ ಸಲ ಕಮಲ ಇರತ್ತೆ."

"ನಮ್ಮನೇದು ಟೀವೀಲಿ ಬಂದಿಲ್ವಲ್ಲ." ಸುರೇಶ ಅರ್ಜಿ ಕೇಳಿ ತೆಗೆದುಕೊಂಡು, ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದು ಹೋದ.

ಇಪ್ಪತ್ತೊಂದು! ಗುರುಚರಣರು ಕೂಡಲೇ ಪುಡಿ ತಂದು ಕಮಲದ ಪಕ್ಕದಲ್ಲಿ ಒಂದು ಸೂರ್ಯನನ್ನು ಮೂಡಿಸಿದರು. ದುಂಡಗಿನ ಮುಖ, ಸುತ್ತ ಕಿರಣ. ಮುಳ್ಳುಹಂದಿ ಮಲಗಿದ ಹಾಗಿತ್ತು. ಸುರೇಶ ಲಾಡ್ಜಿನ ಮಹಡಿಯಿಂದ ನೋಡಿ ಸ್ವಲ್ಪ ಮೆತ್ತಗಾದ. ಆದರೆ ಇಡ್ಲಿ ಪಾತ್ರೆ ಹಿಡಿದು ಹೋಗುತ್ತಿದ್ದ ಪ್ರೇಮಮ್ಮ ನಿಂತುಬಿಟ್ಟರು.

"ಅಣ್ಣಾ, ಅವರಿಬ್ಬರಿಗೂ ಜಾಗ ಇದೆ, ನಮ್ಮ ಎಲೆಗೆ ಮಾತ್ರ ನಿಮ್ಮ ಬಾಗಿಲಲ್ಲಿ ಜಾಗ ಇಲ್ಲ. ಹರಿಪ್ರಿಯಾಗೆ ಕೈ ಮುರಿದ ದಿನದಿಂದ ನಿಮ್ಮನೆಗೆ ಇಡ್ಲಿ ಯಾರು ಕೊಡ್ತಿರೋದು?"

"ನೀವೇ ತಾಯಿ, ನೀವೇ!" ಗುರುಚರಣರು ಎರಡು ಎಲೆ ಎಳೆದರು.

ಪಂಢರಿನಾಥನಿಗೆ ಮುಖ ಚಿಕ್ಕದಾಯಿತು. "ಬೆಳಿಗ್ಗೆ ನಿಮ್ಮನ್ನ ನಂಬಿ ಎಲ್ಲರಿಗೂ ಟೀ ಕೊಡಿಸ್ದೆ ಸಾರ್," ಎಂದು ಅವನೂ ಸಹಿ ಹೊಡೆದು ಹಾಕಿದ. ಆಮೇಲೆ ಒಬ್ಬರು ಬಂದು ತಮ್ಮ ಪಕ್ಷದ ಗುರುತು ಮಾವಿನಕಾಯಿ ಕೇಳಿದರು, ಇನ್ನೊಬ್ಬರು ಸೀಟಿ. ಕಪ್ಪು ಷರ್ಟಿನವರು ಏನೂ ಕೇಳಲಿಲ್ಲ. ರಂಗೋಲಿಯೇ ಮೂಢನಂಬಿಕೆ ಎಂದು ಹೇಳಿ, ಪಾಪ, ಅದನ್ನು ತುಳಿಯದೆ ಸುತ್ತಿಕೊಂಡು ಹೋದರು.

ಹನ್ನೊಂದೂವರೆಗೆ ಚುನಾವಣೆಯ ಜೀಪು ಬಂದು ನಿಂತಿತು. ಅಧಿಕಾರಿ ಇಳಿದು ಸೊಂಟದ ಮೇಲೆ ಕೈಯಿಟ್ಟು ನೆಲ ನೋಡಿದರು.

"ಯಾರು ಸ್ವಾಮಿ ಇಲ್ಲಿ ಮತಪತ್ರ ಬರೆದಿರೋದು?"

"ಸಾರ್, ಅದು ರಂಗೋಲಿ."

"ಹೌದಾ? ನೋಟಾ ಒಂದು ಬಿಟ್ಟಿದೀರಿ. ಹತ್ತು ನಿಮಿಷದಲ್ಲಿ ಎಲ್ಲ ತೊಳೀಬೇಕು. ಇಲ್ಲದಿದ್ರೆ ಕೇಸು."

ಎರಡು ಬಕೆಟ್ ನೀರು ಸುರಿದು, ಪೊರಕೆ ಹಿಡಿದು, ಗುರುಚರಣರು ಎಲ್ಲ ಪಕ್ಷಗಳನ್ನೂ ಒಟ್ಟಿಗೆ ಮೋರಿಗೆ ಕಳಿಸಿದರು. ಹೊಸ್ತಿಲು ಬೋಳಾಯಿತು. ಇನ್ನು ಯಾರಿಗೂ ತಕರಾರಿಲ್ಲ ಎಂದು ಒಳಗೆ ಹೋಗಿ ಫ್ಯಾನಿನ ಕೆಳಗೆ ಮಲಗಿದರು. ಅಂಬುಜಮ್ಮನವರೂ ಬಿಸಿಲು ತಾಳಲಾರದೆ ಒಳಗೆ ಹೋಗಿ ಒರಗಿದ್ದರು.

ಶುಕ್ರವಾರದ ನಡುಹಗಲು. ಬಾಗಿಲಿಗೆ ನೀರು ಹೊಡೆದಿದೆ, ರಂಗೋಲಿ ಇಲ್ಲ. ಜಗಲಿಯ ಮೇಲೆ ದಿನಾ ಕೂರುವ ಮುದುಕಿ ಇಲ್ಲ. ಆ ಊರಿನಲ್ಲಿ ಇದಕ್ಕೆ ಇರುವುದು ಒಂದೇ ಅರ್ಥ.

ಗುರುಚರಣರಿಗೆ ಎಚ್ಚರವಾದದ್ದು ಪ್ರೇಮಮ್ಮನವರ ಅಳುವಿನಿಂದ. ಎದ್ದು ಬಂದರೆ ಬಾಗಿಲ ತುಂಬ ಜನ. ಸುರೇಶ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತಿದ್ದ. ಪಂಢರಿನಾಥನ ಕೈಯಲ್ಲಿ ಮಾರುದ್ದದ ಗುಲಾಬಿ ಹಾರ. ಹಿಂದೆ ಒಂದು ವ್ಯಾನು ರಿವರ್ಸ್ ಬರುತ್ತಿತ್ತು. ಹೆಣ ಇಡುವ ಐಸ್ ಪೆಟ್ಟಿಗೆಯನ್ನು ಯಾರೋ ಉಪಕಾರಿ ಆಗಲೇ ತರಿಸಿದ್ದರು.

"ಬೆಳಗಿನ ಮಾತು ಮನಸ್ಸಲ್ಲಿ ಇಟ್ಕೋಬೇಡಿ ಸಾರ್," ಎಂದ ಸುರೇಶ. "ಅಮ್ಮ ನನಗೂ ಅಮ್ಮಾನೇ. ಸಣ್ಣೋನಿದ್ದಾಗ ಎಷ್ಟು ಸಲ ಪುಳಿಯೋದರೆ ತಿನ್ಸಿದಾರೆ."

ಗುರುಚರಣರ ಕಣ್ಣಲ್ಲೂ ನೀರು ಬಂತು. ಯಾರು ಸತ್ತರೆಂದು ಗೊತ್ತಾಗುವ ಮುಂಚೆಯೇ ಬಂತು. ಅಷ್ಟರಲ್ಲಿ ಒಳಗಿನಿಂದ ಗೋಡೆ ಹಿಡಿದುಕೊಂಡು ಅಂಬುಜಮ್ಮನವರೇ ಬಂದು ನಿಂತರು.

"ಏನ್ರೋ ಗಲಾಟೆ? ಯಾರದು ಆ ಹಾರ? ಪಂಢರಿ, ನಿಂಗೆ ಮದುವೆಯೇನೋ?"

ಹಾರ ಕೆಳಗೆ ಬಿತ್ತು. ದುಃಖಕ್ಕೆಂದು ಸೇರಿದ ಜನಕ್ಕೆ ದುಃಖವಿಲ್ಲದೆ ಮನೆಗೆ ಹೋಗುವುದು ಬಹಳ ಕಷ್ಟ. ಐಸ್ ಪೆಟ್ಟಿಗೆಯವನು ಬಾಡಿಗೆ ಯಾರು ಕೊಡುತ್ತೀರಿ ಎಂದು ಕೇಳಿದ ಮೇಲಂತೂ ನಾಚಿಕೆಯೆಲ್ಲ ಸಿಟ್ಟಾಯಿತು.

"ಜೀವ ಇರೋ ತಾಯೀನ ಇಟ್ಕೊಂಡು ಬಾಗಿಲು ಬೋಳು ಮಾಡ್ತಾರಾ ಅಣ್ಣಾ?" ಎಂದು ಪ್ರೇಮಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡರು.

"ಎಲ್ಲ ಪ್ಲಾನು!" ಎಂದ ಸುರೇಶ. "ಸಿಂಪತಿ ಓಟು." ಉಳಿದವರಲ್ಲಿ ಹೆಚ್ಚಿನವರೂ ಅರ್ಜಿ ಕೇಳಿ ತಮ್ಮ ಸಹಿಗೆ ಅಡ್ಡಗೆರೆ ಎಳೆದರು.

ಫೋನುಗಳಲ್ಲಿ ಎರಡನೇ ವಿಡಿಯೋ ಬಂದಿತ್ತು. ಬೀದಿಯ ಮೂಲೆಯಲ್ಲಿ ನಿಂತು ಇಂಗ್ರಿಡ್ ಹೇಳುತ್ತಿದ್ದಳು: "ಎದುರಾಳಿಗಳ ಒತ್ತಡಕ್ಕೆ ಮಣಿದು ಮುಖಂಡ ತನ್ನ ಚಿಹ್ನೆಯನ್ನು ಅಳಿಸಿದ. ಆದರೂ ಬೆಂಬಲಿಗರು ಹಾರಗಳೊಂದಿಗೆ ಅವನ ಮನೆಗೆ ಧಾವಿಸುತ್ತಿದ್ದಾರೆ."

ಗುರುಚರಣರು ಸಮೀರನನ್ನು ಹುಡುಕಿಕೊಂಡು ಓಡಿದರು. "ಏನಪ್ಪಾ, ನಾನು ಅಷ್ಟು ಹೊತ್ತು ಹೇಳಿದ್ದೆಲ್ಲ ಏನಾಯ್ತು?"

"ಒಂದಕ್ಷರ ಬಿಡದೆ ಹೇಳಿದೀನಿ ಸಾರ್, ನಮ್ಮಜ್ಜಿ ಆಣೆ," ಎಂದ ಸಮೀರ್ ನೆಲ ನೋಡುತ್ತ. "ಮೇಡಮ್ಮೂ ಕೆಟ್ಟೋರಲ್ಲ. ನೋಟ್ ಪುಸ್ತಕದಲ್ಲಿ ಎಲ್ಲ ಬರ್ಕೊಂಡಿದಾರೆ. ಆದ್ರೆ ಅವರ ಆಫೀಸಲ್ಲಿ ಒಂದೂವರೆ ನಿಮಿಷಾನೇ ಕೊಡೋದು. ಇಪ್ಪತ್ತೆರಡು ಮನೆ ಅದ್ರಲ್ಲಿ ಹಿಡಿಯಲ್ಲ ಸಾರ್. ಎರಡು ಕಡೆ ಅಂದ್ರೆ ಹಿಡಿಯತ್ತೆ."

ನಾಲ್ಕಕ್ಕೆ ಸರಿಯಾಗಿ ಎಂಜಿನಿಯರ್ ಬಂದರು. ಗುರುಚರಣರು ಕೊಟ್ಟ ಅರ್ಜಿಯಲ್ಲಿ ಸಹಿಗಿಂತ ಅಡ್ಡಗೆರೆಯೇ ಹೆಚ್ಚಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಇದು ಆಗಲ್ಲ," ಎಂದರು.

"ಇರಿ ಸಾರ್!" ಎಂದು ಸುರೇಶ ಮುಂದೆ ಬಂದ. ಹಿಂದೆ ಇಡೀ ಬೀದಿ. ಮಧ್ಯಾಹ್ನದ ಸಿಟ್ಟಿನಲ್ಲಿ ಲಾಡ್ಜಿನ ಹಜಾರದಲ್ಲಿ ಕೂತು ಅವರು ಹೊಸ ಅರ್ಜಿಯನ್ನೇ ಬರೆದಿದ್ದರು. ಎಂಜಿನಿಯರ್ ಗಟ್ಟಿಯಾಗಿ ಓದಿದರು: "ಈ ಬೀದಿಯ ನಾವೆಲ್ಲರೂ ಒಂದೇ. ರಸ್ತೆ ಅಗೆಯಲು ನಮ್ಮೆಲ್ಲರ ಒಪ್ಪಿಗೆ ಇದೆ. ಹಿಂದಿನ ಅರ್ಜಿಯನ್ನು ಹದಿನಾಲ್ಕನೇ ನಂಬರಿನ ಗುರುಚರಣರು ತಮ್ಮ ಪಕ್ಷದ ಪ್ರಚಾರಕ್ಕೆ ಬಳಸಿಕೊಂಡದ್ದರಿಂದ ಅದನ್ನು ರದ್ದು ಮಾಡಬೇಕು."

ಕೆಳಗೆ ಸೂರ್ಯ, ಎಲೆ, ಕಮಲ, ಕಪ್ಪು ಷರ್ಟು ಎಲ್ಲರ ಸಹಿಯೂ ಒತ್ತೊತ್ತಾಗಿ ಕೂತಿತ್ತು. ನಾಲ್ಕು ತಿಂಗಳು ಕಾಲು ಹಿಡಿದು ಮಾಡಿಸಿದ್ದನ್ನು ಜನ ಎರಡು ಗಂಟೆಯಲ್ಲಿ ತಾವಾಗಿ ಮಾಡಿದ್ದರು.

"ಇಪ್ಪತ್ತೊಂದಿದೆ," ಎಂದರು ಎಂಜಿನಿಯರ್. "ಇನ್ನೊಂದು?"

ಎಲ್ಲರೂ ಗುರುಚರಣರ ಕಡೆ ತಿರುಗಿದರು. ಅವರು ಒಮ್ಮೆ ಆ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡರು. ಒಳಗೆ ಹರಿಪ್ರಿಯಾ ಎಡಗೈಯಲ್ಲಿ ನೀರು ಸೋಸುವ ಸದ್ದು ಕೇಳುತ್ತಿತ್ತು. ಪೆನ್ನು ಇಸಿದುಕೊಂಡು, ಮೂವತ್ತಾರು ವರ್ಷದ ಅಭ್ಯಾಸದ ದುಂಡು ಅಕ್ಷರದಲ್ಲಿ, ತನ್ನ ಮೇಲಿನ ದೂರಿಗೆ ತಾನೇ ಸಹಿ ಹಾಕಿದರು.

ಚಪ್ಪಾಳೆ ಬಿತ್ತು. ಪ್ರೇಮಮ್ಮ, "ಅಣ್ಣನ ಮನಸ್ಸು ದೊಡ್ಡದು," ಎಂದರು. ಎಂಜಿನಿಯರ್ ಅರ್ಜಿಯನ್ನು ಮಡಿಸಿ ಚೀಲಕ್ಕೆ ಹಾಕಲು ಹೋದವರು ಏನೋ ನೆನೆದು ಮತ್ತೆ ಬಿಡಿಸಿದರು.

"ಸ್ವಾಮಿ, ಇದರಲ್ಲಿ ನೀವು ಪಕ್ಷದ ಪ್ರಚಾರ ಮಾಡೋರು ಅಂತ ಇದೆ. ನೀವೇ ಒಪ್ಪಿ ಸಹಿ ಹಾಕಿದೀರಿ. ಪಕ್ಷದೋರ ಸಹಿ ಇರೋ ಅರ್ಜೀನ ಚುನಾವಣೆ ಮುಗಿಯೋ ತನಕ ನಾನು ಮುಟ್ಟೋ ಹಾಗಿಲ್ಲ. ಕೆಲಸ ಹೋಗತ್ತೆ."

"ಸಹಿ ಹಾಕದೆ ಇದ್ದಿದ್ರೆ?"

"ಇಪ್ಪತ್ತೊಂದೇ ಆಗ್ತಿತ್ತು. ಆಗಲೂ ಆಗ್ತಿರಲಿಲ್ಲ." ಎಂಜಿನಿಯರಿಗೂ ಪಾಪ ಅನ್ನಿಸಿತು. "ಸೋಮವಾರ ಪೈಪು ಬರತ್ತೆ. ಚುನಾವಣೆ ಮುಗಿಯೋವರೆಗೆ ಅದನ್ನ ಇಟ್ಕೊಳ್ಳೋಕೆ ನನ್ನ ಹತ್ರ ಜಾಗ ಇಲ್ಲ. ಪಕ್ಕದ ಬೀದಿಗೇ ಕೊಡ್ತೀನಿ."

ಕ್ಯಾಮೆರಾ ಹತ್ತಿರ ಬಂತು. ಸಮೀರ್ ತಲೆ ತಗ್ಗಿಸಿ ಕೇಳಿದ: "ಸಾರ್, ಕ್ಷಮಿಸಿ. ಮೇಡಂ ಕೊನೇದಾಗಿ ಒಂದೇ ಒಂದು ಕೇಳ್ತಾರೆ. ಅರ್ಜೀಲಿ ಪಕ್ಷದ ಹೆಸರು ಬರೆದಿಲ್ಲ. ನೀವು ಯಾವ ಪಕ್ಷ?"

"ನನಗೆ ಗೊತ್ತಿಲ್ಲಪ್ಪ," ಎಂದರು ಗುರುಚರಣರು. "ಬರೆದೋರನ್ನೇ ಕೇಳು."

"ಕಮಲ! ಟೀವೀಲೇ ಬಂತಲ್ಲ," ಎಂದ ಸುರೇಶ. "ನಮಗೆ ಬೇಡಪ್ಪ, ಅವರು ನಿಮ್ಮ ಸೂರ್ಯ!" ಎಂದ ಪಂಢರಿನಾಥ. "ಸೂರ್ಯ ಬರೆದದ್ದು ನಿಮ್ಮ ಹೆದರಿಕೆಗೆ. ಪೈಪು ಹೋಗಿದ್ದೇ ನಿಮ್ಮಿಬ್ಬರಿಂದ!" ಎಂದು ಪ್ರೇಮಮ್ಮ ಇಡ್ಲಿ ಪಾತ್ರೆ ಕೆಳಗಿಟ್ಟು ಸೆರಗು ಬಿಗಿದರು. ಗುರುಚರಣರನ್ನು ಒಬ್ಬೊಬ್ಬರೂ ಇನ್ನೊಬ್ಬರ ಮೇಲೆ ತಳ್ಳಿದರು. ಆಮೇಲೆ ಮಾತು ತಳ್ಳಾಟವಾಯಿತು. ಕೊರಳಪಟ್ಟಿಗಳು ಕೈಗೆ ಬಂದವು. ಒಂದು ಕಡೆ ಸುರೇಶನವರು, ಒಂದು ಕಡೆ ಪಂಢರಿನಾಥನವರು. ಬೀದಿ ನಟ್ಟನಡುವೆ ಸೀಳಿದಂತೆ ಎರಡಾಗಿ ನಿಂತಿತು. ಬೆಳಿಗ್ಗೆ ವಿಡಿಯೋದಲ್ಲಿ ಇಂಗ್ರಿಡ್ ಹೇಗೆ ಹೇಳಿದ್ದಳೋ ಹಾಗೆಯೇ.

ಇಂಗ್ರಿಡ್ ಕ್ಯಾಮೆರಾವನ್ನು ಆ ಕಡೆ ತಿರುಗಿಸಿದಳು. ಸಮೀರ್ ಮಾತ್ರ ತರ್ಜುಮೆ ಮಾಡದೆ ಸುಮ್ಮನೆ ನಿಂತಿದ್ದ.

ಗುರುಚರಣರು ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಮಂಚದಿಂದ ಅಂಬುಜಮ್ಮ ಕೇಳಿದರು:

"ಪೈಪು ಬಂತೇನೋ ಗುರು?"

"ಬಂತಮ್ಮ. ಪಕ್ಕದ ಬೀದಿಗೆ."

"ಹೋಗಲಿ ಬಿಡು," ಎಂದರು ಅಂಬುಜಮ್ಮ. "ಅವರಾದರೂ ಒಳ್ಳೇ ನೀರು ಕುಡೀಲಿ."