ಲಿಫ್ಟಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಮಂಗಳೂರಿನಂಥ ಸಿರಿವಂತ ಊರಿನಲ್ಲಿ ಬದುಕುವುದು ಹೇಗಿರುತ್ತದೆ ಎಂದು ಕೊಪ್ಪದ ಬಸ್ ನಿಲ್ದಾಣದಲ್ಲಿ ಯಾರು ಕೇಳಿದರೂ ನಾನು "ಸೆಕೆ ಮಾರಾಯ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ನಿಜ ಹೇಳಬೇಕೆಂದರೆ ಸುಖವಾಗಿದ್ದೇನೆ. ಆದರೆ ಪರವೂರಿನಲ್ಲಿ ಸುಖವಾಗಿದ್ದೇನೆ ಎಂದು ಸ್ವಂತ ಊರಿನಲ್ಲಿ ನಿಂತು ಹೇಳುವುದು ಸಭ್ಯತೆಯಲ್ಲ. ಸೆಕೆ ಎಂದರೆ ಕೇಳಿದವರಿಗೂ ಒಂದು ಸಮಾಧಾನ. ನಾನು ಓದಿದ್ದು ಏಳನೆಯ ಕ್ಲಾಸು, ಮಾಡುವುದು ಹೋಳಿಗೆ. ಈ ಊರಿನಲ್ಲಿ ಮದುವೆಗಳಿಗೆ ಬರವಿಲ್ಲ, ಮದುವೆಯಿದ್ದಲ್ಲಿ ಹೋಳಿಗೆಗೆ ಬರವಿರಕೂಡದು. ಹೀಗೆ ಹೂರಣ ಅರೆದೂ ಅರೆದೂ ನಾಲ್ಕನೆಯ ಮಹಡಿಯಲ್ಲೊಂದು ಮನೆ ಮಾಡಿಕೊಂಡೆ. ಬಾಲ್ಕನಿಯಲ್ಲಿ ನಿಂತು ಕುತ್ತಿಗೆ ಸ್ವಲ್ಪ ಓರೆ ಮಾಡಿದರೆ ಎರಡು ಕಟ್ಟಡಗಳ ನಡುವೆ ಒಂದು ಗೇಣು ಸಮುದ್ರ ಕಾಣುತ್ತದೆ. ನೆಂಟರು ಬಂದಾಗ ತೋರಿಸುತ್ತೇನೆ. ಉಳಿದ ದಿನ ಅಲ್ಲಿ ಬಟ್ಟೆ ಒಣಗುತ್ತದೆ.

ಇಂಥ ಊರಿನ ಒಂದೇ ತೊಂದರೆಯೆಂದರೆ ಇಲ್ಲಿ ಎಲ್ಲರ ಹಿಂದೆಯೂ ಏನಾದರೊಂದು ಇರುತ್ತದೆ. ಒಬ್ಬರ ಮಗ ದುಬೈಯಲ್ಲಿ, ಇನ್ನೊಬ್ಬರ ಭಾವ ಹಡಗಿನಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಗಲ್ಫಿನಿಂದ ಹಿಂದಿರುಗಿದವರು, ಬಿಳಿ ಬರ್ಮುಡಾ ತೊಟ್ಟು ಬೆಳಗಿನ ವಾಕಿಂಗ್ ಮಾಡುವವರು. ಒಂದು ದಿನ ಅವರು "ನಿಮ್ಮ ಅಣ್ಣನಿಗೆ ಎಂತ ಕೆಲಸ?" ಎಂದು ಕೇಳಿದರು. ಅಣ್ಣ ನೆಮ್ಮಾರಿನಲ್ಲಿದ್ದಾನೆ, ಜಯಪುರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಹಿತ್ತಲಿನಲ್ಲಿ ನಲವತ್ತು ಕಾಫಿ ಗಿಡಗಳಿವೆ. ನನ್ನ ಬಾಯಿ ಪಂಪ್‌ಸೆಟ್ಟನ್ನು ಬಿಟ್ಟು ಗಿಡಗಳನ್ನು ಹಿಡಿದುಕೊಂಡಿತು. "ಕಾಫಿ ಪ್ಲಾಂಟರ್" ಎಂದೆ. ಗಿಡಗಳಿರುವುದು ಸುಳ್ಳೇನಲ್ಲವಲ್ಲ.

ಅದಾದ ವಾರಕ್ಕೇ ಅಣ್ಣ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, "ನಾಳೆ ಬತ್ತೆ" ಎಂದ. ನಾನು ಮನೆ ಮಾಡಿದ ಮೇಲೆ ಅವನು ಬರುವುದು ಅದೇ ಮೊದಲು. ಮರುದಿನ ಬೆಲ್ ಆಗಿ ಬಾಗಿಲು ತೆಗೆದರೆ ಒಂದು ಕೈಯಲ್ಲಿ ಜೋನಿಬೆಲ್ಲದ ಡಬ್ಬ, ಇನ್ನೊಂದು ಕೈಯಲ್ಲಿ ಚೀಲ, ಮುಖದ ತುಂಬಾ ನಗು. ಕಾಲು ಬರಿಗಾಲು. ಕೇಳಿದ್ದಕ್ಕೆ ಹೇಳಿದ:

"ಕೆಳಗೇ ಬಿಟ್ಟೆ ಮಾರಾಯ. ಲಿಫ್ಟಿನ ಬಾಗಿಲು ತೆಗೆದ್ರೆ ಒಳಗೆ ದೀಪ ಉರೀತಾ ಇತ್ತು, ನೆಲ ಪಳಪಳ ಅಂತಿತ್ತು, 'ಟಿಂಗ್' ಅಂತ ಗಂಟೆ ಬೇರೆ ಹೊಡೀತು. ಮೆಟ್ಕಂಡು ಹೋಗದು ಹೆಂಗೆ? ವಾಚ್‌ಮನ್ ಬಂದು ಒಳಗೆ ದಬ್ಬಿದ."

ನಾನೂ ನನ್ನ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಣ್ಣನೂ ನಕ್ಕು ಸ್ನಾನಕ್ಕೆ ಹೋದ. ಅಷ್ಟರಲ್ಲಿ ಮತ್ತೆ ಬೆಲ್. ಸೆಕ್ರೆಟರಿಯವರು ಒಂದು ಹಳೆಯ ಪೇಪರಿನ ತುದಿಯಲ್ಲಿ, ಸತ್ತ ಇಲಿಯನ್ನು ಹಿಡಿದ ಹಾಗೆ, ಒಂದು ಜೊತೆ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು. ದಪ್ಪ ಅಟ್ಟೆ, ಒಂದಕ್ಕೆ ಕಪ್ಪು ಬಾರು, ಇನ್ನೊಂದಕ್ಕೆ ಕೆಂಪು ಬಾರು.

"ಇದು ಲಿಫ್ಟಿನ ಎದುರು ಇತ್ತು ಮಾರಾಯ್ರೆ. ನಿಮ್ಮಲ್ಲಿಗೆ ಬಂದವರದ್ದಾ?"

ಕಾಫಿ ಪ್ಲಾಂಟರ್ ಸ್ನಾನದ ಮನೆಯಲ್ಲಿ ಗಟ್ಟಿಯಾಗಿ ದೇವರನಾಮ ಹೇಳಿಕೊಳ್ಳುತ್ತಿದ್ದ. ನಾನು ಆ ಎರಡು ಬಣ್ಣದ ಬಾರುಗಳನ್ನು ನೋಡಿದೆ. "ನಮ್ಮದಲ್ಲ ಸರ್" ಎಂದೆ.

"ಹಾಗಾದ್ರೆ ಕಸದ ಗಾಡಿಗೆ ಹಾಕಿಸ್ತೇನೆ" ಎಂದು ಅವರು ಹೊರಟುಹೋದರು. ಅಣ್ಣನ ಪಾದುಕೆಯನ್ನು ತಲೆಯ ಮೇಲೆ ಹೊತ್ತ ತಮ್ಮಂದಿರ ಕಥೆ ಕೇಳಿ ಬೆಳೆದವನು ನಾನು. ಪೇಪರಿನಲ್ಲಿ ಹಿಡಿದು ತಂದುಕೊಟ್ಟರೂ ಕೈಯಲ್ಲಿ ಹಿಡಿದುಕೊಳ್ಳಲಾಗಲಿಲ್ಲ.

ಮಾರನೆಯ ಬೆಳಗ್ಗೆ ಹೊರಟಾಗ ಅಣ್ಣ ಲಿಫ್ಟಿನ ಮುಂದೆ ನಿಂತು, "ಇಲ್ಲೇ ಬಿಟ್ಟಿದ್ನಲ್ಲೋ" ಎಂದು ಆಚೆ ಈಚೆ ನೋಡಿದ. ನಾನೂ ಹುಡುಕಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಾರುಗಳ ಅಡಿಯಲ್ಲೆಲ್ಲ ಬಗ್ಗಿ ಬಗ್ಗಿ ಹುಡುಕಿದೆ. ಅಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ. ಅಣ್ಣನೇ ನನ್ನ ಬೆನ್ನು ತಟ್ಟಿ, "ಹೋಗ್ಲಿ ಬಿಡು. ಇಷ್ಟು ದೊಡ್ಡೋರ ಬಿಲ್ಡಿಂಗಲ್ಲೂ ಚಪ್ಪಲಿ ಕದೀತಾರೆ ಅಂತಾದ್ರೆ ನಮ್ಮಂಥೋರೂ ಇದಾರೆ ಅಂತಾಯ್ತು. ನೀ ಒಬ್ನೇ ಅಲ್ಲ, ಧೈರ್ಯ ಆಯ್ತು" ಎಂದ. ಅಂಗಡಿಗೆ ಕರೆದುಕೊಂಡು ಹೋಗಿ ಒಳ್ಳೆಯ ಚರ್ಮದ ಚಪ್ಪಲಿ ಕೊಡಿಸಿದೆ. ಅವನು ತನ್ನ ಕಾಲಿಗಿಂತ ದೊಡ್ಡದನ್ನೇ ಆರಿಸಿ, ಪಟಪಟ ಸದ್ದು ಮಾಡುತ್ತಾ ಬಸ್ ಹತ್ತಿದ.

ಆಮೇಲೆ ಆರು ತಿಂಗಳು ನನಗೆ ಲಿಫ್ಟಿನ 'ಟಿಂಗ್' ಕೇಳಿದರೆ ಆಗುತ್ತಿರಲಿಲ್ಲ. ಮೆಟ್ಟಿಲು ಹತ್ತುವ ಅಭ್ಯಾಸ ಮಾಡಿಕೊಂಡೆ. "ಹೊಟ್ಟೆ ಕರಗಿಸ್ತಿದ್ದೀರಾ?" ಎಂದು ಸೆಕ್ರೆಟರಿಯವರು ಮೆಚ್ಚಿಕೊಂಡರು. ಕೊನೆಗೆ ಶೃಂಗೇರಿಯಲ್ಲೊಂದು ಉಪನಯನದ ಹೋಳಿಗೆ ಒಪ್ಪಿಕೊಂಡವನು, ಕೆಲಸ ಮುಗಿಸಿ ನೇರವಾಗಿ ಜಯಪುರದ ಅಣ್ಣನ ಅಂಗಡಿಗೆ ಹೋದೆ. ಅವನು ಒಂದು ಪಂಪನ್ನು ಬಿಚ್ಚಿ ಹರವಿಕೊಂಡು ಕೂತಿದ್ದ. ಮುಖ ನೋಡದೆ, ನೆಲ ನೋಡಿಕೊಂಡು, ಪ್ಲಾಂಟರ್ ಎಂದದ್ದರಿಂದ ಹಿಡಿದು ಕಸದ ಗಾಡಿಯವರೆಗೆ ಎಲ್ಲವನ್ನೂ ಹೇಳಿದೆ.

ಅಣ್ಣ ಸ್ಪ್ಯಾನರ್ ಕೆಳಗಿಟ್ಟ. "ಅಯ್ಯೋ, ಅದು ನಂದಲ್ವೋ!"

"ಮತ್ತೆ ಯಾರದ್ದು?" ಎಂದೆ.

"ಪಕ್ಕದ್ಮನೆ ಸುಬ್ಬಣ್ಣಂದು. ದೊಡ್ಡೋರಿರೋ ಬಿಲ್ಡಿಂಗು, ನಂದು ಮೆಟ್ಕಂಡು ಬಂದ್ರೆ ನಿನ್ನ ಮರ್ಯಾದೆ ಹೋಗ್ತದೆ ಅಂತ, ಚಲೋದು ನೋಡಿ ಕೇಳಿ ಇಸ್ಕಂಡು ಬಂದಿದ್ದೆ. ನೀ ಕೊಡ್ಸಿದ್ದನ್ನ ಅವನಿಗೇ ಕೊಟ್ಟೆ. ಅವನ ಅಳತೆ ನೋಡೇ ಆರ್ಸಿದ್ದು." ಅವನು ಹೊಟ್ಟೆ ಕುಣಿಸಿಕೊಂಡು ನಗತೊಡಗಿದ. "ಅಷ್ಟಕ್ಕೂ ನೀ ಎಂತ ಸುಳ್ಳು ಹೇಳಿದ್ದು ಮಾರಾಯ? ನಮ್ಮದಲ್ಲ ಅಂದೆ. ನಮ್ಮದಲ್ವಲ್ಲ!"

ನಾನೂ ನಕ್ಕೆ, ನಗದೆ ಏನು ಮಾಡುವುದು. ಅಂಗಡಿಯ ಹೊಸ್ತಿಲಿನ ಬಳಿ ಅವನ ಸ್ವಂತ ಚಪ್ಪಲಿಗಳಿದ್ದವು. ಸುಬ್ಬಣ್ಣನವು ಅವನಿಗೆ ಯಾಕೆ ಚಲೋ ಕಂಡವೆಂದು ನೋಡಿದ ಕೂಡಲೇ ತಿಳಿಯಿತು. ಸುಳ್ಳು ಹೇಳಿದವರು ಕ್ಷಮೆ ಕೇಳುವುದು ಹೇಗೆಂದು ಎಲ್ಲರಿಗೂ ಗೊತ್ತಿದೆ. ನಿಜ ಹೇಳಿಬಿಟ್ಟವನು ಹೇಗೆ ಕೇಳಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಅಣ್ಣ ಮತ್ತೆ ಪಂಪಿನೊಳಗೆ ತಲೆ ಹಾಕಿದಾಗ, ನೆಲದ ಮೇಲೆ ಬಿದ್ದಿದ್ದ ವೈರಿನ ತುಂಡೊಂದನ್ನು ಎತ್ತಿಕೊಂಡು, ಕದಿಯುವವನ ಹಾಗೆ ಅತ್ತಿತ್ತ ನೋಡಿ, ಆ ಚಪ್ಪಲಿಯ ಅಳತೆ ತೆಗೆದುಕೊಂಡೆ.