ಮೋರಿಯ ಅಡಿಗೆ ಒಂದು ಬಿಡುಗಡೆ ಪತ್ರ

ರಸ್ತೆ, ಸೇತುವೆಗಳ ಸರಕಾರಿ ಗುತ್ತಿಗೆಯ ತಕರಾರು ನೋಡುವ ವಕೀಲರ ಮನೆಗೆ ವಿಚಿತ್ರಗಳು ವಿಳಾಸ ಕೇಳಿಕೊಂಡೇ ಬರುತ್ತವೆ. ಐವತ್ತರ ದಶಕದ ಕೊನೆಗೆ ದರ್ಬೆಯ ನಮ್ಮ ಮನೆಗೆ ಬಂದ ಒಂದನ್ನು ಇಲ್ಲಿ ಭೋಪಾಲದಲ್ಲಿ ಹೇಳಿದರೆ ಜನ ಕೂಡಲೇ ನಗುತ್ತಾರೆ. ನಮಗೆ ನಗು ಬರಲಿಕ್ಕೆ ಒಂದು ವಾರ ಹಿಡಿದಿತ್ತು.

೧. ಊಟದ ಹೊತ್ತು

ಕೊಯಿಲದ ಹತ್ತಿರ ರಸ್ತೆಗೆ ಮೋರಿ, ಅಂದರೆ ಸಣ್ಣ ಸೇತುವೆ, ಕಟ್ಟಿಸುತ್ತಿದ್ದ ಬ್ಯಾರಿ ಕಂಟ್ರಾಕ್ಟರರು ನೋಟೀಸು ಹಿಡಿದು ಬಂದರು. ಕೆಲಸ ಕೂಡಲೇ ಸುರುವಾಗದಿದ್ದರೆ ಗುತ್ತಿಗೆ ರದ್ದು, ಮುಂದೆ ಯಾವ ಸರಕಾರಿ ಕೆಲಸವೂ ಇಲ್ಲ ಎಂದಿತ್ತು ಅದರಲ್ಲಿ. ಕೆಲಸ ನಿಂತದ್ದು ಯಾಕೆ ಎಂದು ನನ್ನ ಯಜಮಾನರು ಕೇಳಿದರು. ಆಳುಗಳು ಓಡಿಹೋಗಿದ್ದರಂತೆ. ಕಲ್ಲು ಕೆತ್ತುವ ಮೇಸ್ತ್ರಿ ಜ್ವರ ಬಂದು ತೀರಿಕೊಂಡು ಹದಿನೈದು ದಿನವಾಗಿತ್ತು. ಆದರೂ ಮಟಮಟ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮೋರಿಯ ಅಡಿಯಿಂದ ಅವನ ಉಳಿಯ ಸದ್ದು.

"ನೀವು ಇದನ್ನೆಲ್ಲ ನಂಬುದುಂಟಾ?"

"ನಂಬುದಿಲ್ಲ ವಕೀಲರೇ. ಹನ್ನೆರಡು ಗಂಟೆಗೆ ಆ ಕಡೆ ಹೋಗುದೂ ಇಲ್ಲ."

೨. ಹಾಜರಿ

ಯಜಮಾನರು ಹಾಜರಿ ಪುಸ್ತಕ ತರಿಸಿ ನೋಡಿದರು. ಮೇಸ್ತ್ರಿ ಸತ್ತ ಮೇಲೂ ದಿನಾ ಹಾಜರು. ಹಾಜರಿ ಬರೆಯುವ ರೈಟರನ್ನು ಕೇಳಿದರೆ, ಸದ್ದು ಕೇಳುವಾಗ ಗೈರುಹಾಜರಿ ಹಾಕುವುದು ಹೇಗೆ ಎಂದನಂತೆ.

ನಮ್ಮಲ್ಲಿ ಸತ್ತವರ ಕುಲೆಗೆ, ಅಂದರೆ ಪ್ರೇತಕ್ಕೆ, ಎಲೆ ಹಾಕಿ ಬಡಿಸಿ, ಬದುಕಿದ್ದವರ ಹಾಗೆಯೇ ಮಾತಾಡಿಸುವ ಕ್ರಮ. ಮೇಸ್ತ್ರಿಯ ಮನೆಯವರು ಅದನ್ನು ಮುಗಿಸಿದ್ದರು. ಆದರೆ ಕೆಲಸದಿಂದ ಬಿಡಿಸಬೇಕಾದವರು ಧಣಿಯಲ್ಲವೇ, ಪುಸ್ತಕದಲ್ಲಿ ಹೆಸರಿರುವ ತನಕ ಅವನು ಬರುತ್ತಾನೆ, ಅವನು ಬರುವ ತನಕ ನಾವು ಬರುವುದಿಲ್ಲ ಎಂದು ಆಳುಗಳು ಪಟ್ಟು ಹಿಡಿದಿದ್ದರು.

ಯಜಮಾನರು ಬಿಡುಗಡೆ ಪತ್ರ ಹೇಳುತ್ತಾ ಹೋದರು, ನಾನು ಬರೆದೆ. ನಿಮ್ಮ ಕೆಲಸ ಮುಗಿದಿದೆ, ಇನ್ನು ಬರಬೇಕಾಗಿಲ್ಲ. ಮೂಲ ಪ್ರತಿ ಮೇಸ್ತ್ರಿಗೆ, ನಕಲು ನೋಟೀಸು ಕಳಿಸಿದ ಇಂಜಿನಿಯರರಿಗೆ.

"ವಿಳಾಸ ಎಂತ ಬರೆಯುದು?" ಎಂದೆ.

ಅವರು ತಲೆ ಎತ್ತದೆ ಹೇಳಿದರು, "ಮೋರಿಯ ಅಡಿ."

೩. ಸಾಕ್ಷಿ

ಮುಂದಿನದ್ದು ಯಜಮಾನರು ಕಣ್ಣಾರೆ ಕಂಡದ್ದು. ನಕಲು ಓದಿದ ಇಂಜಿನಿಯರರು, ಮೈಸೂರು ಕಡೆಯವರು, ಜೀಪಿನಲ್ಲಿ ಬಂದಿಳಿದರು. ಕಂಟ್ರಾಕ್ಟರರು ಆಳುಗಳನ್ನೂ ಕರೆಸಿ, ಅವರೆದುರು ರಸ್ತೆಯಲ್ಲೇ ನಿಂತು ಪತ್ರವನ್ನು ಗಟ್ಟಿಯಾಗಿ ಓದಿ, ಕೆಳಗಿಳಿದು ಕಲ್ಲಿನ ಮೇಲಿಟ್ಟರು. ಮೇಸ್ತ್ರಿಗೆ ಸಹಿ ಬರುತ್ತಿರಲಿಲ್ಲವೆಂದು ಪಕ್ಕದಲ್ಲಿ ಮಸಿಯ ಪ್ಯಾಡೂ ಇಟ್ಟರು. ಇದರಲ್ಲಿ ಯಾರದೋ ಕೈಚಳಕ ಇದೆ, ನಾನೇ ಕಾವಲು ಕೂರುತ್ತೇನೆ ಎಂದು ಇಂಜಿನಿಯರರು ಮೋರಿಯ ಅಡಿಗೆ ಹೋದರು. ಉಳಿದವರೆಲ್ಲ ಊಟಕ್ಕೆ ಹೋದರು.

ಅಂದು ಉಳಿಯ ಸದ್ದು ಕೇಳಲಿಲ್ಲ. ವಾಪಸು ಬಂದಾಗ ಇಂಜಿನಿಯರರು ರಸ್ತೆಯ ನಡುವೆ ಬಿಸಿಲಿನಲ್ಲಿ ನಿಂತಿದ್ದರು, ಕೈಯಲ್ಲಿ ಪತ್ರ. ಅದರ ಕೆಳಗೆ ಹಸಿ ಹೆಬ್ಬೆಟ್ಟು. ಆಳುಗಳು ಅದನ್ನು ಒಂದು ಸಲ ನೋಡಿದರು, ಹಾರೆ ತೆಗೆದುಕೊಂಡು ಕೆಲಸಕ್ಕಿಳಿದರು.

ಕಂಟ್ರಾಕ್ಟರರಿಗೆ ಮಾತ್ರ ಸಮಾಧಾನವಿಲ್ಲ. "ಹೆಬ್ಬೆಟ್ಟಿಗೆ ಸಾಕ್ಷಿ ಸಹಿ ಬೇಕಲ್ಲ ವಕೀಲರೇ. ಇಲ್ಲದಿದ್ದರೆ ಆಫೀಸಿನಲ್ಲಿ ಒಪ್ಪುದಿಲ್ಲ."

ಇಂಜಿನಿಯರರು ಪೆನ್ನು ತೆಗೆದು 'ನನ್ನ ಸಮಕ್ಷಮ' ಎಂದು ಬರೆದು ಸಹಿ ಹಾಕಿದರು. ಅದರ ಕೆಳಗೇ ಕೆಲಸ ಮುಗಿಸಲು ಎರಡು ತಿಂಗಳ ವಾಯಿದೆಯನ್ನೂ ಬರೆದುಕೊಟ್ಟರು.

"ಹಾಗಾದರೆ ನೀವು ನೋಡಿದಿರಿ" ಎಂದರು ಯಜಮಾನರು, ಮೆಲ್ಲಗೆ.

"ನಾನು ಏನೂ ನೋಡ್ಲಿಲ್ಲ ಸ್ವಾಮಿ" ಎಂದು ಅವರು ಜೀಪು ಹತ್ತಲು ಆಚೆ ತಿರುಗಿದರು. ಬಿಳಿ ಶರ್ಟಿನ ಬೆನ್ನಿಗೆ ಯಾರೋ ಹೆಬ್ಬೆರಳಿನ ಮಸಿಯನ್ನು ಚೆನ್ನಾಗಿ ಒರೆಸಿಕೊಂಡಿದ್ದರು.